ಫಲಕ ಬೇಡ, ಮಂಗಳವಾರ ಕೊಡಿ

ನನ್ನ ಅಕ್ಕ ಇಪ್ಪತ್ತು ಹೆಜ್ಜೆ ನಡೆದು ಒಂದು ಸಲ ನಿಲ್ಲುತ್ತಿದ್ದಳು. ನಿಂತದ್ದು ಯಾರಿಗೂ ಗೊತ್ತಾಗಬಾರದೆಂದು ಗೋಡೆಯ ಮೇಲಿನ ಪೋಸ್ಟರ್ ಓದುವವಳಂತೆ ನಟಿಸುತ್ತಿದ್ದಳು. ನಮ್ಮ ಬೀದಿಯ ತಿರುವಿನಲ್ಲಿ ಕಣ್ಣಿನ ತಪಾಸಣೆ ಶಿಬಿರದ ಪೋಸ್ಟರ್ ಒಂದಿತ್ತು. ಅದನ್ನು ಅವಳು ಕಡಿಮೆಯೆಂದರೂ ಮುನ್ನೂರು ಸಲ ಓದಿರಬೇಕು.

"ಅಕ್ಕಾ, ಮಂಡಿ ನೋವಾ?"

"ಇಲ್ಲ ಕಣೆ. ಶಿಬಿರ ಯಾವತ್ತು ಅಂತ ನೋಡ್ತಿದ್ದೆ."

ಶಿಬಿರ ಮುಗಿದು ಒಂದು ವರ್ಷವಾಗಿತ್ತು.

ಅಕ್ಕನಿಗೆ ಅರವತ್ತೇಳು, ನನಗೆ ಅರವತ್ತೆರಡು. ನನ್ನದು ಹೊಲಿಗೆ ಕೆಲಸ. ಅವಳದು ಮೊದಲು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಕೆಲಸ, ಈಗ ನಿವೃತ್ತಿ. ನಿವೃತ್ತಿ ಎನ್ನುವುದು ಬರೀ ಮಾತಿಗೆ. ಅಕ್ಕಪಕ್ಕದ ಮನೆಗಳಲ್ಲಿ ನಮ್ಮ ವಾಸ, ನಡುವಿನ ಗೋಡೆಗೊಂದು ಬಾಗಿಲು. ಊರಲ್ಲಿ ಚಿಕ್ಕವರು ದೊಡ್ಡವರು ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಾರೆ. ಅವಳಿಗಿಂತ ಹತ್ತು ವರ್ಷ ದೊಡ್ಡವರಾದ ಗಡಿಯಾರ ರಿಪೇರಿಯವರೂ ಅಕ್ಕ ಎನ್ನುತ್ತಾರೆ. ನಾನು ಅವಳ ತಂಗಿಯಾದ್ದರಿಂದ ನನಗೆ ಚಿಕ್ಕಕ್ಕ ಎಂಬ ಹೆಸರು ತಾನಾಗಿ ಅಂಟಿಕೊಂಡಿತು. ನಾನೇನೂ ಕೇಳಿರಲಿಲ್ಲ.

ಪುರಸಭೆಯ ಹಿಂದೆ ಹಳೆಯ ಅಗ್ನಿಶಾಮಕ ಗಾಡಿ ನಿಲ್ಲಿಸುತ್ತಿದ್ದ ಶೆಡ್ಡು ಒಂದಿದೆ. ನಲವತ್ತು ವರ್ಷದ ಹಿಂದೆ ಅಕ್ಕ ಅದನ್ನು ಬೇಡಿ ಪಡೆದು, ಗುಡಿಸಿ, ಸುಣ್ಣ ಬಳಿಸಿ, ಓದುವ ಮನೆ ಮಾಡಿದಳು. ಸೋಮವಾರದಿಂದ ಶನಿವಾರದವರೆಗೆ ಸಂಜೆ ಐದರಿಂದ ಏಳು. ಒಂದು ಕಡೆ ಪೇಪರು, ಪುಸ್ತಕ. ಇನ್ನೊಂದು ಕಡೆ ಶಾಲೆಯ ಮಕ್ಕಳ ಪಾಠ. ಪಿಂಚಣಿ ಅರ್ಜಿ ತುಂಬಲು ಬರದವರಿಗೆ ತುಂಬಿಕೊಡುವುದು, ಕಣ್ಣು ಮಂಜಾದವರಿಗೆ ಪತ್ರ ಓದಿ ಹೇಳುವುದು, ಮತದಾರರ ಪಟ್ಟಿಯಲ್ಲಿ ಹೆಸರು ಬಿಟ್ಟುಹೋದವರಿಗೆ ಫಾರಂ ಕೊಡುವುದು. ಶನಿವಾರ ಹಾಡಿನ ಗುಂಪು. ವರ್ಷಕ್ಕೊಂದು ನಾಟಕ. ಸೇತುವೆಯಾಚೆಯ ಬೀದಿಗೆ ದೀಪ ಹಾಕಿಸಲು ಅವಳು ಪುರಸಭೆಗೆ ನಲವತ್ತೊಂದು ಸಲ ಹೋಗಿದ್ದಾಳೆ. ನಲವತ್ತೆರಡನೇ ಸಲ ಅವಳ ತಲೆ ಕಂಡದ್ದೇ ತಡ, ಎಂಜಿನಿಯರ್ ಎದ್ದು ನಿಂತು, "ಅಕ್ಕಾ, ಕಂಬ ಬಂದಿದೆ" ಎಂದರಂತೆ.

ಊರಿನ ರಕ್ತದಾನಿಗಳ ಪಟ್ಟಿಯೂ ಅವಳ ಬಳಿಯೇ ಇತ್ತು. ಬಳಿ ಎಂದರೆ ಪುಸ್ತಕದಲ್ಲಲ್ಲ, ತಲೆಯಲ್ಲಿ. ಎಕ್ಸ್‌ಚೇಂಜಿನಲ್ಲಿ ಊರಿನ ನಂಬರುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದವಳು ಅವಳು. ಆಸ್ಪತ್ರೆಯಿಂದ ಫೋನ್ ಬಂದರೆ ಕಣ್ಣು ಮುಚ್ಚಿ ಮೂರು ನಂಬರ್ ಹೇಳುವಳು. ಬರೆದಿಡೇ ಎಂದರೆ, "ಬರೆಯೋ ಹೊತ್ತಲ್ಲಿ ಫೋನೇ ಮಾಡಿಬಿಡ್ತೀನಲ್ಲ" ಎನ್ನುವಳು.

ಇದಕ್ಕೆಲ್ಲ ಅವಳಿಗೆ ಸಿಕ್ಕಿದ್ದು ಏಳು ಸನ್ಮಾನ ಫಲಕ. ಅದರಲ್ಲೊಂದು ಅಗಲವಾಗಿ ಗಟ್ಟಿಯಾಗಿದೆ. ಅದರ ಮೇಲೆ ನಾನು ಇಸ್ತ್ರಿ ಪೆಟ್ಟಿಗೆ ಇಡುತ್ತೇನೆ.

ನಿಜ ಹೇಳಿಬಿಡುತ್ತೇನೆ, ನಲವತ್ತು ವರ್ಷ ಅವಳನ್ನು ಹೆಚ್ಚು ಬೈದವಳು ನಾನೇ. "ಊರಿಗೆಲ್ಲ ಸಿಗ್ತೀಯ, ಮನೆಯವರಿಗೆ ಸಿಗಲ್ಲ. ನಿನಗೇನು ಬರುತ್ತೆ ಇದರಿಂದ?" ಎಂದು ಕೇಳಿ ಕೇಳಿ ನನ್ನ ಬಾಯಿ ನೋಯಿತೇ ಹೊರತು ಅವಳು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಈಗ ಮಂಡಿ. ಡಾಕ್ಟರ್ ಎಕ್ಸ್‌ರೇ ತೋರಿಸಿ ನೇರವಾಗಿ ಹೇಳಿದರು. "ಎರಡು ಸಲ ಡೇಟ್ ಕೊಟ್ಟೆ, ಎರಡು ಸಲವೂ ಕ್ಯಾನ್ಸಲ್ ಮಾಡಿದ್ರಿ. ಕಾಲು ಆಗಲೇ ಸೊಟ್ಟಗಾಗ್ತಿದೆ. ಮುಂದಿನ ತಿಂಗಳ ಹತ್ತನೇ ತಾರೀಕು ಆಪರೇಷನ್. ಅದನ್ನೂ ಬಿಟ್ರೆ ಮುಂದಿನ ಡೇಟ್ ಎಂಟು ತಿಂಗಳ ಮೇಲೆ. ಅಷ್ಟರಲ್ಲಿ ನೀವು ಹಾಸಿಗೆ ಹಿಡಿದಿರ್ತೀರ. ಆಮೇಲೆ ಮಾಡಿದ್ರೂ ಮೊದಲಿನ ಹಾಗೆ ನಡೀತೀರ ಅಂತ ನಾನು ಹೇಳಲಾರೆ."

ಮನೆಗೆ ಬಂದವಳೇ ಅಕ್ಕ, "ಆಗಲ್ಲ ಕಣೆ" ಎಂದಳು.

"ಯಾಕೆ ಆಗಲ್ಲ?"

"ಆರು ವಾರ ಮನೆಯಲ್ಲಿರಬೇಕಂತೆ. ಹದಿನೈದು ದಿನ ಬಾಗಿಲು ಮುಚ್ಚಿದ್ರೆ ಪುರಸಭೆಯವರು ಶೆಡ್ಡು ವಾಪಸ್ ತಗೋತಾರೆ. ಒಪ್ಪಂದದಲ್ಲೇ ಇದೆ. ಮುರಿದ ಮೇಜು ತುಂಬಿಸೋಕೆ ಜಾಗ ಹುಡುಕ್ತಾ ಇದ್ದಾರೆ ಅವರು."

"ತುಂಬಿಸಲಿ! ನಿನ್ನ ಕಾಲಿಗಿಂತ ಶೆಡ್ಡು ಹೆಚ್ಚಾ?"

ನನಗೆ ಅಳು ಬಂತು, ಸಿಟ್ಟೂ ಬಂತು. ಎರಡನ್ನೂ ಹೊಲಿಗೆ ಯಂತ್ರದ ಮೇಲೆ ತೀರಿಸಿಕೊಂಡೆ.

ಮರುದಿನ ನಮ್ಮ ಬೀದಿಯ ನರ್ಸ್ ತನ್ನ ಯೂನಿಫಾರಂ ಸಡಿಲ ಮಾಡಿಸಲು ಬಂದಳು. ಆರೋಗ್ಯ ಕೇಂದ್ರದಲ್ಲಿ ಹದಿನೆಂಟು ವರ್ಷದಿಂದ ಇರುವವಳು. ಅಳತೆ ತೆಗೆಯುತ್ತಾ ಅವಳ ಮುಂದೆ ಎಲ್ಲ ಹೇಳಿಕೊಂಡೆ.

"ಚಿಕ್ಕಕ್ಕ, ಬಾಗಿಲು ತೆಗೆಯೋಕೆ ಬೇರೆ ಯಾರೂ ಇಲ್ವಾ?"

"ಈ ಊರಲ್ಲಾ? ಚಪ್ಪಾಳೆ ತಟ್ಟೋಕೆ ಸಾಲು ನಿಲ್ತಾರೆ. ಕೆಲಸ ಅಂದ್ರೆ ಒಬ್ಬರೂ ಬರಲ್ಲ."

"ಕೇಳಿದ್ದೀರಾ?"

"ಕೇಳೋದೇನು? ಗೊತ್ತಿರೋದೇ."

"ಅಕ್ಕ ಕೇಳಿದ್ದಾರಾ?"

ನಾನು ಟೇಪನ್ನು ಬೆರಳಿಗೆ ಸುತ್ತಿಕೊಂಡೆ. ಅಕ್ಕ ಯಾರನ್ನೂ ಕೇಳುವವಳಲ್ಲ. ನಾಲ್ಕು ವರ್ಷದ ಹಿಂದೆ ಬೇಕರಿಯವನು ತಾನಾಗಿ ಬಂದು ನಾಟಕಕ್ಕೆ ಎಂಬತ್ತು ಕುರ್ಚಿ ಹಾಕಿದ್ದ. ಅವನು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಅಕ್ಕ ಅವನ ಕಣ್ಣೆದುರಿಗೇ ಎಂಬತ್ತನ್ನೂ ತಿರುಗಿಸಿ ಹಾಕಿದಳು. ಅಂದಿನಿಂದ ಅವನು ಓದುವ ಮನೆಗೆ ಕಾಲಿಟ್ಟಿಲ್ಲ. ಇದನ್ನು ಹೇಳಿದಾಗ ನರ್ಸ್ ನಕ್ಕುಬಿಟ್ಟಳು.

"ನೋಡಿ ಚಿಕ್ಕಕ್ಕ, ಲಸಿಕೆ ದಿನ ನಮಗೂ ಜನ ಬೇಕಾಗ್ತಾರೆ. ಮೊದಲೆಲ್ಲ 'ಸಹಾಯಕ್ಕೆ ಬನ್ನಿ' ಅಂತ ಬೋರ್ಡ್ ಹಾಕ್ತಿದ್ವಿ. ಒಂದು ಕಾಗೆಯೂ ಬರ್ತಿರಲಿಲ್ಲ. ಸಹಾಯ ಅಂದ್ರೆ ಎಷ್ಟು, ಎಲ್ಲಿಯವರೆಗೆ ಅಂತ ಜನಕ್ಕೆ ಭಯ. ಈಗ 'ನೀವು ಬುಧವಾರ ಹತ್ತರಿಂದ ಹನ್ನೆರಡು, ಟೋಕನ್ ಕೊಡೋದು, ಅಷ್ಟೇ' ಅಂತ ಮುಖ ನೋಡಿ ಕೇಳ್ತೀವಿ. ಇಲ್ಲ ಅನ್ನೋರು ಕಡಿಮೆ."

"ಬಂದವರು ನಾಳೆ ಕೈ ಕೊಟ್ರೆ?"

"ಅದಕ್ಕೇ ಒಂದೊಂದು ದಿನಕ್ಕೆ ಇಬ್ಬರು. ಒಬ್ಬರಿಗೆ ಜ್ವರ ಬಂದ್ರೆ ಇನ್ನೊಬ್ಬರು. ಶುರುವಿನಲ್ಲಿ ಎರಡು ವಾರ ಹಳಬರು ಜೊತೆಗೆ ನಿಂತು ಕಲಿಸಬೇಕು. ಕೆಲಸ ಹೇಗೆ ಮಾಡೋದು ಅಂತ ಬರೆದು ಗೋಡೆಗೆ ಅಂಟಿಸಬೇಕು. ಅವರು ಮಾಡಿದ್ದು ನಮ್ಮ ಹಾಗೆ ಇರದಿದ್ರೂ ಬಾಯಿ ಮುಚ್ಚಿಕೊಂಡಿರಬೇಕು. ಕೊನೇದೇ ಕಷ್ಟ."

"ನಮ್ಮಕ್ಕನಿಗೆ ಅದೊಂದೇ ಆಗಲ್ಲ."

"ನಿಮಗೆ?" ಎಂದಳು ನರ್ಸ್. "ನಿಮ್ಮ ಮನೆ ಅವರ ಮನೆಗೆ ಅಂಟಿಕೊಂಡೇ ಇದೆ. ಓದುವ ಮನೆ ಬಾಗಿಲು ನೀವು ಎಷ್ಟು ಸಲ ತೆಗೆದಿದ್ದೀರ?"

ಅಳತೆ ತೆಗೆಯುವ ನೆಪದಲ್ಲಿ ಅವಳ ಬೆನ್ನ ಹಿಂದೆ ಹೋದೆ. ಒಂದು ಸಲವೂ ತೆಗೆದಿರಲಿಲ್ಲ.

ಆ ಸಂಜೆ ಅಕ್ಕನ ಮುಂದೆ ಈ ವಿಷಯ ಎತ್ತಿದೆ. "ಅವರಿಗೆಲ್ಲ ಸಂಸಾರ ಇದೆ, ಕೆಲಸ ಇದೆ. ಸುಮ್ನೆ ಯಾಕೆ ತೊಂದರೆ ಕೊಡೋದು?" ಎಂದಳು. "ಮಕ್ಕಳ ಪಾಠ, ಅರ್ಜಿ, ಇದೆಲ್ಲ ಅವರಿಗೆ ಬರಲ್ಲ ಕಣೆ" ಎಂದೂ ಸೇರಿಸಿದಳು. ಅಲ್ಲಿಗೆ ಮಾತು ಮುಗಿಯಿತು. ಹತ್ತನೇ ತಾರೀಕಿಗೆ ಇನ್ನು ಇಪ್ಪತ್ತಾರು ದಿನ ಉಳಿದಿತ್ತು.

ಅಷ್ಟರಲ್ಲಿ ಪುರಸಭೆಯ ಅಧ್ಯಕ್ಷರು ಸುದ್ದಿ ಕಳಿಸಿದರು. ಅಕ್ಕನ ಸೇವೆಗೆ ನಲವತ್ತು ವರ್ಷ ತುಂಬಿದೆ, ದೊಡ್ಡ ಸಭೆ ಮಾಡಿ ಎಂಟನೇ ಫಲಕ ಕೊಡುತ್ತಾರಂತೆ. ಫಲಕ ಎಷ್ಟು ಉದ್ದ, ಎಷ್ಟು ಅಗಲ ಎಂದು ತೀರ್ಮಾನಿಸಲು ಐದು ಮೀಟಿಂಗು ಮಾಡಿದ್ದರು. ಆ ಐದು ಮೀಟಿಂಗಿನ ಜನ ಒಂದೊಂದು ಸಂಜೆ ಓದುವ ಮನೆಯ ಬಾಗಿಲು ತೆಗೆದಿದ್ದರೆ ಅಕ್ಕನ ಆಪರೇಷನ್ ಯಾವಾಗಲೋ ಮುಗಿದಿರುತ್ತಿತ್ತು ಎಂದು ನನ್ನ ಹೊಟ್ಟೆ ಉರಿಯಿತು.

ಸಭೆಯ ದಿನ ಹಾಲ್ ತುಂಬಿತ್ತು. ಅಕ್ಕನಿಂದ ಅಕ್ಷರ ಕಲಿತವರು, ಅವಳ ನಾಟಕದಲ್ಲಿ ಮಾತು ಮರೆತವರು, ಅವಳು ತುಂಬಿಕೊಟ್ಟ ಅರ್ಜಿಯಿಂದ ಪಿಂಚಣಿ ಪಡೆಯುವವರು, ಎಲ್ಲರೂ ಬಂದಿದ್ದರು. ಅಧ್ಯಕ್ಷರು ಮೈಕಿನಲ್ಲಿ ಅವಳನ್ನು ಊರಿನ ಆಸ್ತಿ ಎಂದರು, ದೀಪ ಎಂದರು, ಕಣ್ಣು ಎಂದರು. ಆಮೇಲೆ ವೇದಿಕೆಗೆ ಕರೆದರು.

ವೇದಿಕೆಗೆ ಆರು ಮೆಟ್ಟಿಲು. ಅಕ್ಕ ಎರಡು ಹತ್ತಿದಳು. ಮೂರನೆಯದಕ್ಕೆ ಕಾಲೆತ್ತಿದಳು, ಕಾಲು ಮೇಲೇಳಲಿಲ್ಲ. ಕಂಬಿ ಹಿಡಿದು ತಲೆ ತಗ್ಗಿಸಿ ನಿಂತಳು. ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು.

"ವಿನಯ ನೋಡಿ, ವಿನಯ!" ಎಂದರು ಅಧ್ಯಕ್ಷರು. ಇಡೀ ಸಭೆಯೇ ಎದ್ದು ನಿಂತಿತು.

ನಾನು ಮೊದಲ ಸಾಲಿನಲ್ಲಿದ್ದೆ. ಅವಳು ಮೈಭಾರವನ್ನೆಲ್ಲ ಕಂಬಿಯ ಮೇಲೆ ಹಾಕಿದ್ದು ನನಗೆ ಕಾಣುತ್ತಿತ್ತು. ಅವಳಿಗೆ ನೋವಾದಷ್ಟೂ ಇವರು ಚಪ್ಪಾಳೆ ತಟ್ಟುತ್ತಿದ್ದಾರೆ ಎನ್ನಿಸಿ ನನ್ನ ಮೈ ಉರಿದುಹೋಯಿತು. ಹೇಗೆ ಹೋದೆನೋ ಗೊತ್ತಿಲ್ಲ. ಅಕ್ಕನನ್ನು ದಾಟಿ ಮೇಲೆ ಹತ್ತಿ ಮೈಕ್ ಹಿಡಿದುಕೊಂಡಿದ್ದೆ.

"ಅದು ವಿನಯ ಅಲ್ಲ ಸ್ವಾಮಿ, ಮಂಡಿ!" ಎಂದೆ.

ಚಪ್ಪಾಳೆ ನಿಂತಿತು.

"ಅವಳಿಗೆ ಮೆಟ್ಟಿಲು ಹತ್ತೋಕೆ ಆಗ್ತಿಲ್ಲ. ಹತ್ತನೇ ತಾರೀಕು ಆಪರೇಷನ್ ಮಾಡಿಸದಿದ್ರೆ ಇನ್ನು ನಡೆಯೋಕೂ ಆಗಲ್ಲ. ಮಾಡಿಸ್ಕೋ ಅಂದ್ರೆ ಓದುವ ಮನೆ ಬಾಗಿಲು ಯಾರು ತೆಗೀತಾರೆ ಅಂತಾಳೆ. ಏಳು ಫಲಕ ಕೊಟ್ರಿ. ಒಂದು ಫಲಕವಾದ್ರೂ ಎದ್ದು ಹೋಗಿ ಬಾಗಿಲು ತೆಗೆಯುತ್ತಾ?"

"ಏಯ್, ಕೆಳಗಿಳಿಯೇ! ಮಾನ ಕಳೀಬೇಡ!" ಎಂದು ಅಕ್ಕ ಮೆಟ್ಟಿಲಿನಿಂದಲೇ ಗದರಿದಳು.

"ಇಳಿಯಲ್ಲ. ನಲವತ್ತು ವರ್ಷ ಅವಳನ್ನ ಬೈದಿದ್ದೀನಿ, ಒಂದು ದಿನವೂ ಹೆಗಲು ಕೊಟ್ಟಿಲ್ಲ. ನಿಮಗಿಂತ ದೊಡ್ಡ ತಪ್ಪು ನನ್ನದೇ. ಅದಕ್ಕೆ ಸೋಮವಾರ ನಾನು ತಗೊಂಡೆ. ಐದರಿಂದ ಏಳು. ಎಂಟನೇ ಫಲಕ ನೀವೇ ಇಟ್ಕೊಳ್ಳಿ. ಫಲಕ ಬೇಡ, ಮಂಗಳವಾರ ಕೊಡಿ. ಯಾರು ಕೊಡ್ತೀರ ಮಂಗಳವಾರ?"

ಫ್ಯಾನ್ ತಿರುಗುವ ಸದ್ದು ಮಾತ್ರ ಕೇಳುತ್ತಿತ್ತು. ಊರೆದುರಿಗೆ ಅಕ್ಕನ ಮರ್ಯಾದೆ ಕಳೆದೆನಲ್ಲ ಎನ್ನಿಸಿತು. ಆಗ ಹಿಂದಿನ ಸಾಲಿನಿಂದ ಬೇಕರಿಯವನು ಎದ್ದ.

"ಮಂಗಳವಾರ ನನ್ನದು" ಎಂದ. "ಆದ್ರೆ ಒಂದು ಮಾತು. ಕುರ್ಚಿ ನಾನು ಹೇಗೆ ಹಾಕ್ತೀನೋ ಹಾಗೇ ಇರಬೇಕು."

ಜನರೆಲ್ಲ ಅಕ್ಕನ ಕಡೆ ತಿರುಗಿದರು. ಅಕ್ಕ ಕಂಬಿ ಹಿಡಿದುಕೊಂಡೇ ಅವನನ್ನು ನೋಡಿದಳು. ಅವಳ ಮುಖ ಕೆಂಪಾಯಿತು.

"ನಾನಾವತ್ತು ಹಾಗೆ ಮಾಡಬಾರದಿತ್ತು ಕಣೋ" ಎಂದಳು. "ನಿನ್ನಿಷ್ಟದ ಹಾಗೇ ಹಾಕು."

ಆಮೇಲೆ ನೋಡಬೇಕಿತ್ತು. "ಬುಧವಾರ ನಂಗಿರಲಿ" ಎಂದರು ಗಡಿಯಾರ ರಿಪೇರಿಯವರು. ಅಂಚೆ ಹಂಚುವ ಹೆಂಗಸು ಗುರುವಾರ ತೆಗೆದುಕೊಂಡಳು. ಶನಿವಾರ ನಾವೇ ನೋಡಿಕೊಳ್ಳುತ್ತೇವೆ ಎಂದಿತು ಹಾಡಿನ ಗುಂಪು. ನರ್ಸ್ ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿ ಹೆಸರು ಬರೆಯುತ್ತಾ, "ಒಂದೊಂದು ದಿನಕ್ಕೆ ಇಬ್ಬರು, ಜೊತೆಗಾರರನ್ನ ನೀವೇ ಹುಡುಕಿಕೊಳ್ಳಿ" ಎಂದು ಓಡಾಡಿದಳು. ಅಧ್ಯಕ್ಷರು ಮೈಕ್ ವಾಪಸ್ ಪಡೆದು, "ಇದು ನಮ್ಮ ಊರಿನ ಇತಿಹಾಸದಲ್ಲಿ" ಎಂದು ಶುರು ಮಾಡಿದರು.

"ಸರ್, ಶುಕ್ರವಾರ ಖಾಲಿ ಇದೆ" ಎಂದಳು ನರ್ಸ್.

ಅಧ್ಯಕ್ಷರು ಒಂದು ಸಲ ಕೆಮ್ಮಿದರು. "ಬರ್ಕೊಳ್ಳಿ" ಎಂದರು.

ಮನೆಗೆ ಬರುವ ದಾರಿಯುದ್ದಕ್ಕೂ ಅಕ್ಕ ನನ್ನ ಜೊತೆ ಮಾತು ಬಿಟ್ಟಿದ್ದಳು. ಬಾಗಿಲ ಹತ್ತಿರ ಮಾತ್ರ, "ನಾಳೆ ಒಂದು ನೋಟ್‌ಬುಕ್ ತಗೊಂಡು ಬಾ" ಎಂದಳು.

ಮರುದಿನ ಅವಳು ಹೇಳುತ್ತಾ ಹೋದಳು, ನಾನು ಬರೆಯುತ್ತಾ ಹೋದೆ. ನೂರ ಹನ್ನೆರಡು ರಕ್ತದಾನಿಗಳು. ಹೆಸರು, ರಕ್ತದ ಗುಂಪು, ನಂಬರು, ಒಂದೂ ತಡವರಿಸಲಿಲ್ಲ. ನಂಬರಿನ ಜೊತೆಗೆ ಇನ್ನೂ ಏನೇನೋ ಬಂತು. "ಇವನಿಗೆ ಬೆಳಗ್ಗೆ ಫೋನ್ ಮಾಡಬಾರದು, ರಾತ್ರಿ ಪಾಳಿ ಮಾಡಿ ಮಲಗಿರ್ತಾನೆ." "ಇವಳಿಗೆ ಸೂಜಿ ಅಂದ್ರೆ ಹೆದರಿಕೆ, ಜೊತೆಗೆ ಹೋಗಿ ಕೈ ಹಿಡ್ಕೋಬೇಕು." "ಈ ಮನೆಯಲ್ಲಿ ಹೋದ ವರ್ಷ ಸಾವಾಗಿದೆ, ಮೊದಲು ಹೇಗಿದ್ದೀರಿ ಅಂತ ಕೇಳು, ಆಮೇಲೆ ರಕ್ತದ ಮಾತು." ಬರೆಯುತ್ತಾ ಬರೆಯುತ್ತಾ ನನ್ನ ಕಣ್ಣು ತುಂಬಿತು. ಇವಳಿಗೇನು ಬರುತ್ತೆ ಇದರಿಂದ ಎಂದು ಕೇಳುತ್ತಿದ್ದೆನಲ್ಲ, ನನಗೆ ಇವಳ ಮೇಲೆ ಇಷ್ಟು ಹೆಮ್ಮೆ ಇದೆ ಎಂದು ಅಲ್ಲಿಯವರೆಗೆ ನನಗೇ ತಿಳಿದಿರಲಿಲ್ಲ.

"ಅಳೋದು ಆಮೇಲೆ. ಅಂಕಿ ನೆಟ್ಟಗೆ ಬರಿ" ಎಂದಳು.

ಎರಡು ವಾರ ದಿನವೂ ಅವಳು ಕುರ್ಚಿಯಲ್ಲಿ ಕುಳಿತು ಕಲಿಸಿದಳು. ಪುಸ್ತಕ ಕೊಟ್ಟಾಗ ಎಲ್ಲಿ ಬರೆಯಬೇಕು, ಅರ್ಜಿಗೆ ಯಾವ ಕಾಗದ ಜೋಡಿಸಬೇಕು, ಎಲ್ಲ ಗೋಡೆಗೆ ಅಂಟಿತು. ಬಾಗಿಲಿನ ವಿಷಯ ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಬೇಕರಿಯವನು ಮೊದಲ ಸಲ ಒಬ್ಬನೇ ಹೋದಾಗ ಬೀಗ ತೆಗೆದರೂ ಬಾಗಿಲು ಅಲುಗಲಿಲ್ಲ. ಅರ್ಧ ಗಂಟೆ ಗುದ್ದಾಡಿ ಫೋನ್ ಮಾಡಿದ. "ಕೆಳಗಡೆ ಮಂಡಿಯಿಂದ ಒಂದು ಏಟು ಕೊಡಪ್ಪ" ಎಂದಳು ಅಕ್ಕ. ನಲವತ್ತು ವರ್ಷ ದಿನಾ ಆ ಏಟು ಕೊಟ್ಟಿದ್ದಳಂತೆ. ಇದನ್ನು ಕೇಳಿದ ಡಾಕ್ಟರ್ ತಲೆ ಚಚ್ಚಿಕೊಂಡರು. ಗಡಿಯಾರ ರಿಪೇರಿಯವರು ಬಾಗಿಲಿನ ಕೆಳಗಿನ ತುದಿ ಉಜ್ಜಿ ಎಣ್ಣೆ ಬಿಟ್ಟರು. ಹತ್ತು ನಿಮಿಷದ ಕೆಲಸ ಅದು.

ಹತ್ತನೇ ತಾರೀಕು ಆಪರೇಷನ್ ಆಯಿತು. ಆರು ವಾರದಲ್ಲಿ ಓದುವ ಮನೆಯ ಬಾಗಿಲು ಒಂದು ದಿನವೂ ಮುಚ್ಚಲಿಲ್ಲ. ಎಲ್ಲ ಸುಸೂತ್ರವಾಗಿತ್ತು ಎಂದರೆ ಸುಳ್ಳಾಗುತ್ತದೆ. ಒಂದು ಬುಧವಾರ ರಿಪೇರಿಯವರಿಗೆ ಜ್ವರ ಬಂದು ಅವರ ಜೊತೆಗಾರರು ಓಡಿಬರಬೇಕಾಯಿತು. ನಾನು ಎರಡು ಪುಸ್ತಕ ಯಾರಿಗೆ ಕೊಟ್ಟೆನೋ ಇನ್ನೂ ಪತ್ತೆಯಿಲ್ಲ. ಅಧ್ಯಕ್ಷರು ಮಕ್ಕಳಿಗೆ ಗುಣಾಕಾರ ಹೇಳಿಕೊಡಲು ಹೋಗಿ ತಾವೇ ತಪ್ಪು ಮಾಡಿ ಮಕ್ಕಳ ಕೈಲಿ ನಗೆಗೀಡಾದರು. ಮುಂದಿನ ಶುಕ್ರವಾರ ಮಗ್ಗಿ ಓದಿಕೊಂಡು ಬಂದಿದ್ದರು.

ನಾಲ್ಕನೇ ವಾರ, ಒಂದು ಗುರುವಾರ ಸಂಜೆ, ಆಸ್ಪತ್ರೆಯಿಂದ ಓದುವ ಮನೆಗೆ ಫೋನ್ ಬಂತು. ಹೆರಿಗೆಯಾದ ಒಬ್ಬ ಹೆಣ್ಣುಮಗಳಿಗೆ ತುರ್ತಾಗಿ ರಕ್ತ ಬೇಕಿತ್ತು. ಅಂಚೆಯ ಹೆಂಗಸು ನೋಟ್‌ಬುಕ್ ತೆಗೆದು ಮೂರು ಫೋನ್ ಮಾಡಿದಳು. ನಲವತ್ತು ನಿಮಿಷದಲ್ಲಿ ಇಬ್ಬರು ಆಸ್ಪತ್ರೆ ತಲುಪಿದರು. ತಾಯಿ, ಮಗು ಇಬ್ಬರೂ ಉಳಿದರು.

ಅಕ್ಕನಿಗೆ ಈ ವಿಷಯ ತಿಳಿದದ್ದು ಎರಡು ದಿನ ಬಿಟ್ಟು, ನರ್ಸ್ ಬ್ಯಾಂಡೇಜ್ ನೋಡಲು ಬಂದಾಗ.

"ನನಗೆ ಯಾಕೆ ಹೇಳಲಿಲ್ಲ?" ಎಂದು ನನ್ನನ್ನು ಕೇಳಿದಳು.

"ಹೇಳೋ ಅಗತ್ಯ ಬರಲಿಲ್ಲ ಅಕ್ಕಾ."

ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ನೊಂದುಕೊಂಡಳೇನೋ ಎಂದು ನನಗೆ ಹೆದರಿಕೆಯಾಯಿತು. ಬಗ್ಗಿ ನೋಡಿದರೆ ನಗುತ್ತಿದ್ದಳು.

"ನಾನಿಲ್ಲದೆ ನಡೀತು ಅನ್ನು."

"ನಡೀತು."

"ಹಾಗಾದ್ರೆ ನಾನು ಇನ್ನು ಸಾಯಬಹುದು."

"ಬಿಡ್ತು ಅನ್ನು!" ಎಂದು ರೇಗಿದೆ. "ಇಷ್ಟು ಕಷ್ಟಪಟ್ಟು ಕಾಲು ಸರಿ ಮಾಡಿಸಿದ್ದು ಅದಕ್ಕಾ?"

"ಬಿಡ್ತು, ಬಿಡ್ತು" ಎಂದು ನಗುತ್ತಲೇ ಕಣ್ಣೊರೆಸಿಕೊಂಡಳು.

ಏಳನೇ ವಾರದ ಶನಿವಾರ ಅವಳು ಕೋಲು ಹಿಡಿದು ಮನೆಯಿಂದ ಓದುವ ಮನೆಗೆ ನಡೆದಳು. ಎಲ್ಲೂ ನಿಲ್ಲಲಿಲ್ಲ. ಒಳಗೆ ಹಾಡಿನ ಗುಂಪು ಹೊಸ ಹಾಡೊಂದನ್ನು ಕಲಿಯುತ್ತಿತ್ತು, ಅಕ್ಕನಿಗೆ ಬಾರದ ಹಾಡು. ಅವಳು ಬೆಂಚಿನ ತುದಿಯಲ್ಲಿ ಕುಳಿತು ಕೇಳಿದಳು. ಎರಡನೇ ಸಲ ಹಾಡುವಾಗ ತಾನೂ ಮೆಲ್ಲಗೆ ದನಿ ಸೇರಿಸಿದಳು. ಮುಗಿದ ಮೇಲೆ, ಹಾಡು ಕೇಳಲು ಬಂದಿದ್ದ ನರ್ಸನ್ನು ಕರೆದು, "ನನ್ನ ಹೆಸರೂ ಬರ್ಕೋ. ವಾರಕ್ಕೆ ಎರಡೇ ಗಂಟೆ, ಅದಕ್ಕಿಂತ ಹೆಚ್ಚು ಆಗಲ್ಲ ನನಗೆ" ಎಂದಳು. ಅವಳ ಬಾಯಲ್ಲಿ ಈ ಮಾತು ಕೇಳಲು ನಾನು ನಲವತ್ತು ವರ್ಷ ಕಾದಿದ್ದೆ.

ಇದನ್ನು ಓದುತ್ತಿರುವ ಅಣ್ಣ ತಮ್ಮಂದಿರೇ, ಅಕ್ಕ ತಂಗಿಯರೇ, ನಿಮ್ಮ ಊರಿನಲ್ಲೂ ಇಂಥ ಒಬ್ಬರು ಇದ್ದೇ ಇರುತ್ತಾರೆ. ಬಾಗಿಲು ತೆಗೆಯುವವರು, ನಾಟಕ ಮಾಡಿಸುವವರು, ಅರ್ಜಿ ತುಂಬುವವರು. "ಅವರಿದ್ದಾರಲ್ಲ" ಎಂದು ನಾವು ನಿಶ್ಚಿಂತೆಯಾಗಿ ಇದ್ದುಬಿಡುತ್ತೇವೆ. ನಾಳೆಯೇ ಅವರ ಹತ್ತಿರ ಹೋಗಿ. ಹೊಗಳಲು ಹೋಗಬೇಡಿ. ವಾರಕ್ಕೆ ಎರಡು ಗಂಟೆ, ನಿಮಗೆ ಬರುವ ಒಂದೇ ಒಂದು ಕೆಲಸ, ಜೊತೆಗೆ ಒಬ್ಬ ಜೊತೆಗಾರ, ಅಷ್ಟು ಸಾಕು. ಅವರಿಗೆ ಗೊತ್ತಿರುವುದನ್ನು ಕೇಳಿ ಬರೆದಿಟ್ಟುಕೊಳ್ಳಿ. "ಯಾವ ದಿನ ಬರಲಿ?" ಎಂದು ಕೇಳಿ.

"ಬೇಡಪ್ಪ, ನಾನೇ ಮಾಡ್ಕೋತೀನಿ" ಎಂದೇ ಅವರು ಮೊದಲು ಹೇಳುತ್ತಾರೆ. ನಗುನಗುತ್ತಾ ಹೇಳುತ್ತಾರೆ. ಆ ಮುಖ ನೋಡಿ ನಂಬಿ ವಾಪಸ್ ಬರಬೇಡಿ. ಅವರು ಎದ್ದು ನಿಲ್ಲುವಾಗ ಕಾಲು ನೋಡಿ.